ಅಂಗೈ ಬೆವರು ಹೇಳುವುದೇನು?

ಯುಗಾದಿ ಕಾರ್ಯಕ್ರಮದ ದಿನ ಪರದೆಯ ಹಿಂದೆ ಸರದಿಗಾಗಿ ಕಾಯುತ್ತಿರುವ ನಮ್ಮ ಮಕ್ಕಳ ಕೈ ಹಿಡಿದು ನೋಡಿ. ಸೆಖೆಯಿಲ್ಲದಿದ್ದರೂ ಅಂಗೈ ಒದ್ದೆಯಾಗಿರುತ್ತದೆ. ಭಾವಕ್ಕೂ ಬೆವರಿಗೂ ನಂಟಿರುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಭರತನ ನಾಟ್ಯಶಾಸ್ತ್ರವು ಎಂಟು ಸಾತ್ತ್ವಿಕ ಭಾವಗಳಲ್ಲಿ ರೋಮಾಂಚ, ಅಶ್ರುಗಳೊಡನೆ ಸ್ವೇದವನ್ನೂ ಎಣಿಸಿದೆ. ಆದರೆ ಅದನ್ನು ಯಂತ್ರದಿಂದ ಅಳೆದು ಮನಸ್ಸನ್ನು ತಿಳಿಯಬಹುದೇ ಎಂಬ ಪ್ರಯತ್ನ ಆರಂಭವಾದದ್ದು ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ.

1888ರಲ್ಲಿ ಪ್ಯಾರಿಸ್ಸಿನ ವೈದ್ಯ ಷಾರ್ಲ್ ಫೆರೆ ರೋಗಿಗಳ ತೋಳಿನ ಮೂಲಕ ಅತ್ಯಲ್ಪ ವಿದ್ಯುತ್ತನ್ನು ಹರಿಸಿ, ಸದ್ದು, ವಾಸನೆಗಳಿಂದ ಅವರನ್ನು ಕೆಣಕಿದಾಗ ಚರ್ಮದ ವಿದ್ಯುತ್ ರೋಧ ತಗ್ಗುವುದನ್ನು ಕಂಡರು. ಎರಡು ವರ್ಷಗಳ ನಂತರ ರಷ್ಯದಲ್ಲಿ ತಾರ್ಖಾನೋವ್, ಹೊರಗಿನಿಂದ ವಿದ್ಯುತ್ ಹರಿಸದೆಯೇ, ಮನಸ್ಸಿನಲ್ಲಿ ಲೆಕ್ಕ ಮಾಡಿದರೂ ಚರ್ಮದ ವಿದ್ಯುತ್ತು ಬದಲಾಗುವುದನ್ನು ತೋರಿಸಿದರು. 1907ರಲ್ಲಿ ಯೂಂಗ್ ಮತ್ತು ನ್ಯೂಯಾರ್ಕಿನ ವೈದ್ಯ ಪೀಟರ್ಸನ್ ಇದೇ ಅಳತೆಯ ವರದಿ ಪ್ರಕಟಿಸಿದರು. ಒಂದೊಂದೇ ಪದ ಹೇಳಿ, ಕೇಳಿದವರಿಗೆ ಥಟ್ಟನೆ ತೋಚಿದ್ದನ್ನು ಹೇಳಿಸುವುದು ಯೂಂಗರ ಕ್ರಮ. ಮನಸ್ಸಿಗೆ ತಾಗುವ ಪದ ಬಂದಾಗ ಗ್ಯಾಲ್ವನಾಮೀಟರು ಹೆಚ್ಚು ಅಲುಗುತ್ತಿತ್ತು.

ಇದರಲ್ಲಿ ಮಾಯೆಯೇನಿಲ್ಲ. ಅಂಗೈಯ ಬೆವರು ಗ್ರಂಥಿಗಳು ನಮ್ಮ ಇಚ್ಛೆಗೆ ಒಳಪಡದ ಸಿಂಪಥೆಟಿಕ್ ನರಗಳ ಹಿಡಿತದಲ್ಲಿವೆ. ಮನಸ್ಸು ಕದಡಿದ ಒಂದರಿಂದ ಮೂರು ಸೆಕೆಂಡುಗಳಲ್ಲಿ ಗ್ರಂಥಿಯ ನಾಳದಲ್ಲಿ ಉಪ್ಪುನೀರು ಏರುತ್ತದೆ, ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ತೊಡಕು ಇರುವುದು ಇಲ್ಲಿಯೇ. ಭಯ, ಕೋಪ, ಸಂತೋಷ, ನಾಚಿಕೆ ಯಾವುದೇ ಇರಲಿ, ಬೆವರು ಒಂದೇ. ಮನಸ್ಸು ಎಷ್ಟು ಕದಡಿದೆ ಎಂದು ಯಂತ್ರ ಹೇಳೀತು. ಯಾತಕ್ಕೆ ಎಂದು ಹೇಳಲಾರದು.

ಈ ಭೇದವನ್ನು ಮರೆತದ್ದರಿಂದಲೇ ಸುಳ್ಳುಪತ್ತೆ ಯಂತ್ರದ ಕಥೆ ಹುಟ್ಟಿತು. 1921ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ಪೊಲೀಸ್ ಇಲಾಖೆಯಲ್ಲಿದ್ದ ಜಾನ್ ಲಾರ್ಸನ್ ರಕ್ತದೊತ್ತಡ, ಉಸಿರಾಟಗಳನ್ನು ಒಟ್ಟಿಗೆ ದಾಖಲಿಸುವ ಯಂತ್ರ ಕಟ್ಟಿದರು. ಅವರೊಡನೆ ಕೆಲಸ ಮಾಡಿದ ಲಿಯೊನಾರ್ಡ್ ಕೀಲರ್ 1930ರ ದಶಕದಲ್ಲಿ ಚರ್ಮದ ಅಳತೆಯನ್ನೂ ಸೇರಿಸಿದರು. ತಪ್ಪಿತಸ್ಥನಿಗೆ ಸಿಕ್ಕಿಬೀಳುವ ಭಯವಿದ್ದರೆ, ನಿರಪರಾಧಿಗೆ ತನ್ನ ಮಾತನ್ನು ಯಾರೂ ನಂಬರೆಂಬ ಭಯ. ಇಬ್ಬರ ಅಂಗೈಯೂ ಬೆವರುತ್ತದೆ! ಇದರ ಬಳಕೆಯ ರೀತಿಯನ್ನು ಕಂಡು ಮುಂದೆ ಲಾರ್ಸನ್ನರೇ ಬೇಸತ್ತರು. ನೌಕರರ ನಿಷ್ಠೆಯನ್ನು ಪರೀಕ್ಷಿಸಲು ಈ ಯಂತ್ರವನ್ನು ನೆಚ್ಚಿಕೊಳ್ಳುವಂತಿಲ್ಲವೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ ವರದಿಯಿತ್ತಿತು. ನಮ್ಮ ನಾಡಿನ ಹೆಸರೂ ಈ ಚರಿತ್ರೆಯಲ್ಲಿದೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಭಾರತದ ಸುಪ್ರೀಂ ಕೋರ್ಟು, ಸುಳ್ಳುಪತ್ತೆ, ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಇವುಗಳನ್ನು ಯಾರ ಮೇಲೂ ಬಲವಂತವಾಗಿ ನಡೆಸಕೂಡದೆಂದು 2010ರ ಮೇ 5ರಂದು ತೀರ್ಪು ನೀಡಿತು.

ಪೊಲೀಸರ ತಪ್ಪನ್ನು ಎತ್ತಿ ಆಡುವುದು ಸುಲಭ. ವೈದ್ಯರಾದ ನಾವೂ ಅದೇ ತಪ್ಪು ಮಾಡಿದ್ದೇವೆ. ಕೆಲವು ವರ್ಷಗಳ ಹಿಂದೆ, ಮಗನ ಮನೆಗೆಂದು ಊರಿನಿಂದ ಬಂದಿದ್ದ ತಾಯಿಯೊಬ್ಬರು ನಮ್ಮಲ್ಲಿಗೆ ಬಂದರು. ನಾಡಿ, ರಕ್ತದೊತ್ತಡ ಎರಡೂ ಏರಿದ್ದವು. ನಿದ್ದೆ, ಊಟ, ಮನಸ್ಸಿನ ಬಗ್ಗೆ ನಾವು ಕೇಳಿದ ಪ್ರಶ್ನೆಗಳಿಗೆಲ್ಲ ಮಗನೇ "ಏನೂ ತೊಂದರೆಯಿಲ್ಲ" ಎಂದು ಉತ್ತರಿಸಿದ. ಗುಳಿಗೆ ಬರೆದುಕೊಟ್ಟೆವು. ಮುಂದಿನ ಸಲ ಮಗನನ್ನು ಹೊರಗೆ ಕೂರಿಸಿ, "ಏನಮ್ಮಾ, ಮನಸ್ಸಿಗೇನಾದರೂ ನೋವಿದೆಯೇ?" ಎಂದು ಕನ್ನಡದಲ್ಲೇ ಕೇಳಿದೆವು. ಅವರು ಇಲ್ಲಿಗೆ ಬಂದ ಮೇಲೆ ಊರಿನಲ್ಲಿ ತಂಗಿ ತೀರಿಕೊಂಡಿದ್ದಳಂತೆ. "ಮುಖ ನೋಡೋಕೂ ಆಗಲಿಲ್ಲ ಡಾಕ್ಟ್ರೇ. ಮಗನ ಮುಂದೆ ಅತ್ತರೆ ಅವನು ನೊಂದುಕೊಳ್ತಾನೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಅಳತೆಯೇನೋ ಸರಿಯಾಗಿಯೇ ಇತ್ತು. ನಾವು ಅವರನ್ನು ಕೇಳಿರಲಿಲ್ಲ, ಅಷ್ಟೇ.

ಈ ಬೇಸಿಗೆಯಲ್ಲಿ ನಮ್ಮಲ್ಲಿ ಅನೇಕರ ತಂದೆತಾಯಿಯರು ಇಲ್ಲಿಗೆ ಬರಲಿದ್ದಾರೆ. ಅವರನ್ನು ವೈದ್ಯರ ಬಳಿ ಕರೆದೊಯ್ದಾಗ, ಅವರ ಪರವಾಗಿ ನಾವೇ ಉತ್ತರ ಕೊಟ್ಟುಬಿಡುವುದು ಬೇಡ. ಭಾಷೆ ಅಡ್ಡಬಂದರೆ ಅವರ ಮಾತನ್ನು ಇದ್ದಂತೆಯೇ ಇಂಗ್ಲಿಷಿನಲ್ಲಿ ಹೇಳೋಣ. ಅದಕ್ಕೂ ಮುಂಚೆ, ಮನೆಯಲ್ಲೇ ಪಕ್ಕದಲ್ಲಿ ಕುಳಿತು ಒಮ್ಮೆ ವಿಚಾರಿಸೋಣ.