ಮಣಿಕಟ್ಟಿನ ಮೂಳೆಮುರಿತ: ಚಿಕಿತ್ಸೆಯ ಚರಿತ್ರೆ

ಅಂಗೈ ಊರಿ ಬಿದ್ದಾಗ ಮುಂಗೈಯ ರೇಡಿಯಸ್ ಮೂಳೆ ಸಾಮಾನ್ಯವಾಗಿ ಮಣಿಕಟ್ಟಿನ ಹತ್ತಿರ ಮುರಿಯುತ್ತದೆ. ಮೂಳೆ ಚೂರುಚೂರಾದರೆ, ಬಿರುಕು ಕೀಲಿನೊಳಕ್ಕೂ ಇಳಿದರೆ ಅದು ಜಟಿಲ ಮುರಿತ. ಜೀನ್ಸ್ ಹೊಲಿದು ಬದುಕುವ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಇಂಥ ಪೆಟ್ಟು ಮನೆಯ ದುಡಿಮೆಯನ್ನೇ ನಿಲ್ಲಿಸಬಲ್ಲದು. ದಪ್ಪ ಬಟ್ಟೆಯನ್ನು ಸೂಜಿಯಡಿ ತಿರುಗಿಸುವುದು ಮಣಿಕಟ್ಟೇ.

ಎಲುಬನ್ನು ಎಳೆದು ಕೂಡಿಸಿ, ದಬ್ಬೆಯಿಟ್ಟು ಕಟ್ಟುವ ಕ್ರಮ ಸುಶ್ರುತ ಸಂಹಿತೆಯಲ್ಲೇ ಇದೆ. ನಮ್ಮ ನಾಟಿ ಕಟ್ಟು, ಗಡಿಯಾಚೆ ಆಂಧ್ರದ ಪುತ್ತೂರು ಕಟ್ಟು ಇದೇ ಜಾಡಿನವು. ಆದರೆ ಕೀಲಿನೊಳಗೆ ಸರಿದ ಚೂರು ಹೊರಗಿನ ಕಟ್ಟಿಗೆ ಜಗ್ಗುವುದಿಲ್ಲ. ಕಟ್ಟು ಬಿಗಿಯಾಗಿ ರಕ್ತ ಓಡಾಡದಿದ್ದರೆ ಬೆರಳುಗಳು ಶಾಶ್ವತವಾಗಿ ಸೆಟೆಯಬಹುದು.

1814ರಲ್ಲಿ ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ಮಣಿಕಟ್ಟಿನ ಈ ಮುರಿತವನ್ನು ಎಕ್ಸ್‌-ರೇ ಇಲ್ಲದ ಕಾಲದಲ್ಲಿ, ಕೈಯಿಂದ ಮುಟ್ಟಿಯೇ ವಿವರಿಸಿದ. ಆ ಬೆರಳುಗಳ ಸೂಕ್ಷ್ಮತೆ ಇಂದಿಗೂ ಗೌರವಕ್ಕೆ ಅರ್ಹ. ಎಲುಬು ಸೊಟ್ಟಗೆ ಕೂಡಿದರೂ ಕೈ ಮುಂದೆ ನೋವಿಲ್ಲದೆ ಆಡೀತೆಂಬ ಅವನ ಭರವಸೆ ಮಾತ್ರ ಎಲ್ಲರ ಪಾಲಿಗೂ ನಿಜವಾಗಲಿಲ್ಲ. 1850ರ ದಶಕದಲ್ಲಿ ಪ್ಲಾಸ್ಟರ್ ಪಟ್ಟಿ, 1895ರಲ್ಲಿ ಎಕ್ಸ್‌-ರೇ, 1909ರಲ್ಲಿ ಎಲುಬಿಗೆ ತೂರಿಸುವ ಕಿರ್ಶ್ನರನ ತಂತಿ ಬಂದವು. ಹೊರಚೌಕಟ್ಟಿನಿಂದ ಎಲುಬು ಹಿಡಿದಿಡುವ ವಿಧಾನದಲ್ಲಿ ಮುಂಬಯಿಯ ಡಾ. ಬಿ. ಬಿ. ಜೋಶಿ ರೂಪಿಸಿದ 'ಜೆಸ್' ಭಾರತದ ಕೊಡುಗೆ. ಅಂಗೈ ಬದಿಯಿಂದ ಕೂರಿಸುವ, ತಿರುಪುಗಳು ಕಚ್ಚಿ ನಿಲ್ಲುವ ಲೋಹದ ಲಾಕಿಂಗ್ ಪ್ಲೇಟು 2000ದ ನಂತರ ಬಳಕೆಗೆ ಬಂತು.

 

ಪ್ಲೇಟೇ ಮೇಲೆಂಬ ನಂಬಿಕೆ ಪೂರ್ತಿ ನಿಲ್ಲುವುದಿಲ್ಲ. ಬ್ರಿಟನ್ನಿನಲ್ಲಿ 461 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿಂಬದಿಗೆ ಸರಿದ ಮುರಿತಗಳಿಗೆ ತಂತಿ ಹಾಕಿಸಿಕೊಂಡವರೂ ಪ್ಲೇಟು ಹಾಕಿಸಿಕೊಂಡವರೂ ವರ್ಷದ ಕೊನೆಗೆ ಸರಿಸಮವಾಗಿದ್ದರು. ಕೊಯ್ಯದೆ ಕೀಲಿನ ಮೇಲ್ಮೈ ಕೂಡಿಸಲಾಗದವರನ್ನು ಅದರಲ್ಲಿ ಸೇರಿಸಿರಲಿಲ್ಲ. ಅಂಥವರಿಗೆ ಪ್ಲೇಟಿನ ಅಗತ್ಯ ಇದ್ದೇ ಇದೆ.

ಎಲುಬು ಸುಮಾರು ಆರು ವಾರಕ್ಕೆ ಕೂಡುತ್ತದೆ, ಹಿಡಿತದ ಬಲ ಮರಳಲು ಆರು ತಿಂಗಳಿಂದ ವರ್ಷವೇ ಬೇಕು. ಬೆರಳುಗಳನ್ನು ಮೊದಲ ದಿನದಿಂದಲೇ ಆಡಿಸಬೇಕು. ಸಿರುಗುಪ್ಪ, ಕುರುಗೋಡಿನಿಂದ ಕೂಲಿ ಬಿಟ್ಟು ಬಳ್ಳಾರಿಯ ಆಸ್ಪತ್ರೆಗೆ ಬರುವವರಿಗೆ ವಾರವಾರ ಫಿಸಿಯೋಥೆರಪಿಗೆ ಓಡಾಡುವುದು ಕಷ್ಟ; ಮನೆಯಲ್ಲೇ ಮಾಡುವ ವ್ಯಾಯಾಮವನ್ನು ಬಿಡುಗಡೆಗೆ ಮುನ್ನ ಕೈಹಿಡಿದು ಕಲಿಸುವುದು ಶಸ್ತ್ರಚಿಕಿತ್ಸೆಯಷ್ಟೇ ಮುಖ್ಯ. ಕೈ ಊದಿ, ಉರಿದು, ಮುಟ್ಟಿಸಿಕೊಳ್ಳಲಾಗದಷ್ಟು ನೋವಾದರೆ ಅದು 1900ರಲ್ಲಿ ವೈದ್ಯ ಸುಡೆಕ್ ಗುರುತಿಸಿದ ತೊಡಕಿರಬಹುದು. ವರ್ಷಗಳ ಮೇಲೂ ಹೆಬ್ಬೆರಳು ಮಡಿಸುವಾಗ ನೋವು, ಕರಕರ ಕಂಡರೆ ಪ್ಲೇಟು ಸ್ನಾಯುರಜ್ಜುವನ್ನು ಉಜ್ಜುತ್ತಿರುವ ಶಂಕೆಯಿದೆ. ಆ ರಜ್ಜು ಹರಿಯುವ ಮೊದಲೇ ವೈದ್ಯರಿಗೆ ತೋರಿಸಬೇಕು.