ಸೂಕಿ ಅವರಿಗೆ ನೊಬೆಲ್ ಸಲ್ಲಬೇಕಿತ್ತೇ?

ದೆಹಲಿಯ ಲೇಡಿ ಶ್ರೀರಾಮ್ ಕಾಲೇಜಿನಲ್ಲಿ ಓದಿದ್ದ ಆಂಗ್ ಸಾನ್ ಸೂಕಿ ಅವರ ಪಕ್ಷ 1990ರಲ್ಲಿ ಮ್ಯಾನ್ಮಾರ್ ಚುನಾವಣೆ ಗೆದ್ದರೂ ಸೇನೆ ಅಧಿಕಾರ ಬಿಟ್ಟುಕೊಡಲಿಲ್ಲ. 1991ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಅವರು ಗೃಹಬಂಧನದಲ್ಲಿದ್ದರು. ಓಸ್ಲೋದಲ್ಲಿ ಅದನ್ನು ಸ್ವೀಕರಿಸಿದವರು ಅವರ ಇಬ್ಬರು ಗಂಡುಮಕ್ಕಳು.

2017ರಲ್ಲಿ ಅವರದೇ ಸರ್ಕಾರವಿದ್ದಾಗ ಸೇನೆಯ ದಾಳಿಗೆ ಸಿಕ್ಕಿ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನ ಬಾಂಗ್ಲಾದೇಶಕ್ಕೆ ಓಡಿಹೋದರು. ಸಂವಿಧಾನದ ಪ್ರಕಾರ ಸೇನೆ ಅವರ ಹಿಡಿತದಲ್ಲಿರಲಿಲ್ಲ, ನಿಜ. ಆದರೆ 2019ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ನರಮೇಧದ ಆರೋಪವನ್ನು ಅಲ್ಲಗಳೆದವರು ಸ್ವತಃ ಸೂಕಿ. 2021ರಲ್ಲಿ ಅದೇ ಸೇನೆ ಅವರನ್ನು ಮತ್ತೆ ಬಂಧಿಸಿತು.

ಒಮ್ಮೆ ಕೊಟ್ಟ ನೊಬೆಲ್ ಹಿಂಪಡೆಯಲು ನಿಯಮದಲ್ಲಿ ಅವಕಾಶವಿಲ್ಲ. 1991ರ ಆ ಧೈರ್ಯಕ್ಕೆ ಪ್ರಶಸ್ತಿ ಸಲ್ಲಬೇಕಾದದ್ದೇ ಎಂಬುದು ನನ್ನ ಅಭಿಪ್ರಾಯ. ಆದರೆ ಮಕ್ಕಳನ್ನೆತ್ತಿಕೊಂಡು ಗಡಿ ದಾಟಿದ ರೋಹಿಂಗ್ಯಾ ತಾಯಂದಿರಿಗೆ ಆ ಪದಕ ತೋರಿಸಿ ಸಮಾಧಾನ ಹೇಳಲಾಗದು.