ಕೊಸರು ಯಾರ ಪಾಲು?

ನಮ್ಮ ಸಂತೆ ಪೇಟೆಗಳಲ್ಲಿ ಕೊಸರು ಎಂಬ ಮಾತೊಂದುಂಟು. ಅಳೆದು ಕೊಟ್ಟಾದ ಮೇಲೆ, ಲೆಕ್ಕಕ್ಕೆ ಹಿಡಿಯದೆ ಹಾಕುವ ಒಂದು ಹಿಡಿ, ಒಂದು ತೊಟ್ಟು. ನಾನು ಚಿಕ್ಕವಳಿದ್ದಾಗ ಹಾಲು ಹಾಕುವವಳು ಪಾವು ಬಗ್ಗಿಸಿದ ಮೇಲೆ ಇನ್ನೊಂದು ಚೂರು ಸುರಿಯುತ್ತಿದ್ದಳು. ಮೆಣಸಿನಕಾಯಿ ಮಾರುವವಳು ತಕ್ಕಡಿ ಇಳಿಸಿದ ಮೇಲೆ ನಾಲ್ಕು ಕಾಯಿ ಸೇರಿಸುತ್ತಿದ್ದಳು. ಕೊಸರು ಹಾಕದವರ ಹತ್ತಿರ ನಮ್ಮಜ್ಜಿ ಎರಡನೆಯ ಸಲ ಹೋದವರಲ್ಲ. ಅಳತೆ ಮೀರಿ ಬಿದ್ದದ್ದು ಕೊಳ್ಳುವವರ ಪಾಲು, ಅದಕ್ಕೆ ಬೆಲೆಯಿಲ್ಲ ಎಂಬುದು ಆ ವ್ಯವಹಾರದ ನೀತಿ.

ಈ ನೀತಿ ತಲೆಕೆಳಗಾದ ಜಾಗವೊಂದಿದೆ. ಅದು ಪೆಟ್ರೋಲ್ ಬಂಕು. 1990ರ ದಶಕದಲ್ಲಿ ದ್ವಿಚಕ್ರ ವಾಹನ ಓಡಿಸಿದವರೆಲ್ಲ ಇದನ್ನು ಬಲ್ಲರು. “ಐವತ್ತು ರೂಪಾಯಿಗೆ ಹಾಕಪ್ಪ” ಎಂದರೆ ಅಂಕಿಯ ಚಕ್ರ ಐವತ್ತರಲ್ಲಿ ನಿಲ್ಲುತ್ತಿರಲಿಲ್ಲ. ಹುಡುಗ ಕೈ ಸಡಿಲಿಸುವಷ್ಟರಲ್ಲಿ ಮೆಲ್ಲನೆ ಉರುಳಿ 50 ರೂಪಾಯಿ 40 ಪೈಸೆಗೆ ಬಂದು ಕೂರುತ್ತಿತ್ತು. ಅಲ್ಲಿಯೂ ಕೊಸರು ಬೀಳುತ್ತಿತ್ತು ನಿಜ. ಆದರೆ ಆ ಕೊಸರಿಗೆ ದುಡ್ಡು ತೆರಬೇಕಾದವರು ನಾವು. 51 ರೂಪಾಯಿ ಕೊಟ್ಟರೆ “ಚಿಲ್ಲರೆ ಇಲ್ಲ ಮೇಡಂ” ಎಂಬ ಉತ್ತರ.

ಬಿದ್ದ ಪೆಟ್ರೋಲು ನಮ್ಮ ಗಾಡಿಗೇ ತಾನೆ ಬಿದ್ದದ್ದು, ನಷ್ಟವೇನು ಎಂದು ಕೇಳಬಹುದು. ಆಗ ಲೀಟರಿಗೆ ಇಪ್ಪತ್ತು ರೂಪಾಯಿ ಆಸುಪಾಸಿನ ಕಾಲ. 40 ಪೈಸೆ ಎಂದರೆ ಸುಮಾರು 20 ಮಿಲಿಲೀಟರು, ನಾಲ್ಕು ಚಮಚೆ. ಆದರೆ ಎಣಿಸಿ ತಂದ ದುಡ್ಡಿನಲ್ಲಿ ಬದುಕುವವರ ಮಾತೇ ಬೇರೆ. ಒಮ್ಮೆ ನನ್ನ ಮುಂದಿದ್ದ ಆಟೋದವರೊಬ್ಬರು ಹೆಚ್ಚಿಗೆ ಬಿದ್ದ ಅರವತ್ತು ಪೈಸೆಗಾಗಿ ಅಂಗಿಯ ಎರಡೂ ಜೇಬು ತಡಕಾಡಿದ್ದನ್ನು ಕಂಡಿದ್ದೇನೆ. ಹಿಂದಿನ ಸಾಲಿನವರು ಹಾರನ್ ಒತ್ತುತ್ತಿದ್ದರು. ತನಗೆಷ್ಟು ಬೇಕೆಂದು ಹೇಳುವ ಹಕ್ಕು ಕೊಳ್ಳುವವನದು. ಅಂದು ಅವರು ಕಳೆದುಕೊಂಡದ್ದು ಅದನ್ನು. ಬಡವನ ಅರವತ್ತು ಪೈಸೆಯನ್ನು ಲೆಕ್ಕಕ್ಕೆ ಬಾರದ್ದು ಎನ್ನಲು ಉಳಿದವರಿಗೆ ಅಧಿಕಾರವಿಲ್ಲ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂದವರು ನಮ್ಮ ಹಿರಿಯರು. ಆ ಬಳ್ಳವೂ ಒಂದು ಅಳತೆಯೇ.

ದ್ರವವನ್ನು ಕರಾರುವಾಕ್ಕಾಗಿ ಅಳೆಯುವುದು ಕಷ್ಟವೆಂಬ ಅರಿವು ಬಹಳ ಹಳೆಯದು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟರಷ್ಟೆ. ಅದರಲ್ಲಿ ತೂಕ ಮತ್ತು ಅಳತೆಗಳಿಗೆಂದೇ ಒಂದು ಅಧ್ಯಾಯವಿದೆ. ಕಾಸಿದ ತುಪ್ಪ ಮಾರುವವನು 32ರಲ್ಲಿ 1 ಪಾಲನ್ನೂ ಎಣ್ಣೆ ಮಾರುವವನು 64ರಲ್ಲಿ 1 ಪಾಲನ್ನೂ ಹೆಚ್ಚಿಗೆ ಕೊಡಬೇಕು. ಬಿಸಿಯಲ್ಲಿ ಹಿಗ್ಗಿದ್ದು ತಣಿದಾಗ ಕುಗ್ಗುತ್ತದೆಯಲ್ಲವೆ, ಅದಕ್ಕಾಗಿ. ಇದರ ಹೆಸರು ತಪ್ತವ್ಯಾಜಿ. ದ್ರವಗಳಿಗೆ 50ರಲ್ಲಿ 1 ಪಾಲು ಮಾನಸ್ರಾವ, ಎಂದರೆ ಅಳತೆಯ ಪಾತ್ರೆಗೆ ಅಂಟಿಯೋ ಸೋರಿಯೋ ಹೋದದ್ದಕ್ಕೆ ಪರಿಹಾರ. ಅಳತೆಯ ಸಾಧನಗಳಿಗೆ ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಬೀಳಬೇಕು. ಅಳತೆಯಲ್ಲಿ ಏನಾದರೂ ಅನಿಶ್ಚಯವಿದ್ದರೆ ಅದರ ಭಾರ ಮಾರುವವನ ಮೇಲಿರಲಿ ಎಂಬುದೇ ಇದರ ಸಾರ. ಸಂತೆಯ ಕೊಸರು ಹೃದಯದಿಂದ ಬಂದರೆ, ಇದು ಕಾನೂನಿನಿಂದ ಬಂದ ಕೊಸರು. ಪೆಟ್ರೋಲು ಕೂಡ ಒಂದು ಡಿಗ್ರಿ ಸೆಲ್ಸಿಯಸ್ ಕಾವೇರಿದರೆ ಸಾವಿರಕ್ಕೆ ಸುಮಾರು ಒಂದು ಪಾಲು ಹಿಗ್ಗುತ್ತದೆ. ಬಂಕಿನಲ್ಲಿ ಮಾತ್ರ ತಪ್ತವ್ಯಾಜಿಯಿಲ್ಲ.

ಪಂಪು ಹುಟ್ಟಿದ್ದು ಪೆಟ್ರೋಲಿಗಾಗಿ ಅಲ್ಲ, ಸೀಮೆಎಣ್ಣೆಗಾಗಿ. 1885ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಎಂಬ ಊರಿನಲ್ಲಿ ಸಿಲ್ವೇನಸ್ ಬೌಸರ್ ಎಂಬಾತ ತನ್ನ ಮೊದಲ ಪಂಪನ್ನು ದಿನಸಿ ಅಂಗಡಿಯವನೊಬ್ಬನಿಗೆ ಮಾರಿದ. ಮೋಟಾರುಗಳು ಬಂದಾಗ ಅದೇ ಪಂಪು ಬೀದಿಗೂ ಬಂತು. ಜನಕ್ಕೆ ಅಳತೆಯ ಮೇಲೆ ಅನುಮಾನ ತಪ್ಪಲಿಲ್ಲ. ಆದ್ದರಿಂದ ಮುಂದೆ ಪಂಪಿನ ನೆತ್ತಿಯ ಮೇಲೆ ದೊಡ್ಡ ಗಾಜಿನ ಕೊಳವೆಯನ್ನಿಟ್ಟರು. ಕೈಯಿಂದ ಹ್ಯಾಂಡಲ್ ತಿರುಗಿಸಿ ಗ್ಯಾಲನ್ ಗುರುತಿನವರೆಗೆ ತುಂಬಿಸುವುದು, ಗಿರಾಕಿ ಕಣ್ಣಾರೆ ಕಂಡ ಮೇಲೆ ಕೆಳಗಿಳಿಸುವುದು. 1930ರ ದಶಕದಲ್ಲಿ ಪರಿಮಾಣವನ್ನೂ ಬೆಲೆಯನ್ನೂ ಒಟ್ಟಿಗೆ ತೋರಿಸುವ ಚಕ್ರಗಳು ಬಂದವು. ಗಾಜು ಹೋಗಿ ಅಂಕಿ ಉಳಿಯಿತು. ಕಣ್ಣಿನ ಸಾಕ್ಷಿಯ ಜಾಗದಲ್ಲಿ ಯಂತ್ರದ ಮಾತನ್ನು ನಂಬುವ ಕಾಲ ಆರಂಭವಾದದ್ದು ಅಲ್ಲಿಂದ.

ನಮ್ಮ ದೇಶದಲ್ಲಿ 1956ರ ತೂಕ ಮತ್ತು ಅಳತೆಗಳ ಕಾಯಿದೆಯಾದ ಮೇಲೆ ಸೇರು, ಪಾವು, ಚಟಾಕುಗಳೊಂದಿಗೆ ಗ್ಯಾಲನ್ನೂ ಕ್ರಮೇಣ ಹಿಂದೆ ಸರಿಯಿತು, ಲೀಟರು ಬಂತು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದಿತ್ತು. ಲೀಟರು ಮತ್ತು ಪೈಸೆ ಎರಡೂ ದಶಮಾಂಶದವಾದ್ದರಿಂದ ಲೆಕ್ಕವೇನೋ ಸುಲಭವಾಯಿತು. ಆದರೆ ಯಂತ್ರದ ಸ್ವಭಾವ ಬದಲಾಗಲಿಲ್ಲ. ಪಂಪಿನ ವೇಗ ಜೋರಿದ್ದಾಗ ಸೆಕೆಂಡಿಗೆ ಅರ್ಧ ಲೀಟರಿನಷ್ಟು ಹರಿಯುತ್ತದೆ. ಕೈ ಬಿಟ್ಟ ಕ್ಷಣದಿಂದ ಕವಾಟ ಪೂರ್ತಿ ಮುಚ್ಚುವ ಕ್ಷಣದೊಳಗೆ ಒಂದಿಷ್ಟು ದಾಟಿಯೇ ದಾಟುತ್ತದೆ. ಸದಾ ತುಂಬಿಯೇ ಇರುವ ರಬ್ಬರ್ ಪೈಪು ಒತ್ತಡಕ್ಕೆ ಕೊಂಚ ಉಬ್ಬಿದರೆ ಅದೂ ಮೀಟರಿನ ಲೆಕ್ಕಕ್ಕೆ ಸೇರುತ್ತದೆ. ಕೊನೆಯಲ್ಲಿ ತೊಟ್ಟು ತೊಟ್ಟಾಗಿ ಬಿಟ್ಟು ಸರಿಯಾಗಿ ನಿಲ್ಲಿಸುವ ನುರಿತ ಕೈಗಳೂ ಇದ್ದವು. ಸಾಲು ಉದ್ದವಿದ್ದಾಗ ಅಷ್ಟು ತಾಳ್ಮೆ ಯಾರಿಗೆ? ಅಂಕಿ ಮುಂದೆ ತೆವಳುವುದರಲ್ಲೆಲ್ಲ ಮೋಸವಿತ್ತು ಎಂದು ನಾನು ಹೇಳಲಾರೆ. ಆದರೆ ಯಂತ್ರದ ಈ ದೌರ್ಬಲ್ಯದ ಬೆಲೆಯನ್ನು ಪ್ರತಿ ಸಲವೂ ಗಿರಾಕಿಯೇ ಕೊಟ್ಟ ಎಂಬುದಂತೂ ನಿಜ.

ಈಗ ವಿದ್ಯುನ್ಮಾನ ಯಂತ್ರಗಳು ಬಂದಿವೆ. ಬೇಕಾದ ಮೊತ್ತವನ್ನು ಮೊದಲೇ ಒತ್ತಿದರೆ, ಅದು ಸಮೀಪಿಸಿದಾಗ ಯಂತ್ರವೇ ಹರಿವನ್ನು ಸಣ್ಣದು ಮಾಡಿ ಸರಿಯಾಗಿ ನಿಲ್ಲಿಸುತ್ತದೆ. 2011ರ ಜೂನ್ 30ರಂದು ನಾಲ್ಕಾಣೆ ಚಲಾವಣೆಯಿಂದ ಹೋಯಿತು. ಚಿಲ್ಲರೆಯ ಜಗಳವೂ ಬಹುಮಟ್ಟಿಗೆ ಮುಗಿಯಿತು. ಹಾಗೆಂದು ನಿಶ್ಚಿಂತೆ ಬಂತೆ? 2017ರ ಏಪ್ರಿಲ್‌ನಲ್ಲಿ ಲಖನೌದ ಬಂಕುಗಳ ಮೇಲೆ ಪೊಲೀಸರು ದಾಳಿ ಮಾಡಿದಾಗ ಪಂಪಿನೊಳಗೆ ಅಡಗಿಸಿಟ್ಟ ಚಿಪ್‌ಗಳು ಸಿಕ್ಕವು. ಅಂಕಿ ಸರಿಯಾಗಿಯೇ ಇತ್ತು, ಇಂಧನ ಕಡಿಮೆ ಬೀಳುತ್ತಿತ್ತು. ಹಳೆಯ ಪಂಪಿನ ನಲವತ್ತು ಪೈಸೆ ಕಣ್ಣಿಗೆ ಕಾಣುತ್ತಿತ್ತು, ಕೇಳಲು ಬಾಯಿಯಿತ್ತು. ಈ ಕೊರತೆ ಕಾಣುವುದಿಲ್ಲ. ಇನ್ನೂರಕ್ಕೆ ಬದಲು ಇನ್ನೂರ ಹತ್ತು ರೂಪಾಯಿಗೆ ಹಾಕಿಸಿಕೊಂಡರೆ ಮೋಸವಿಲ್ಲ ಎಂದು ನಂಬಿದವರು ನಮ್ಮ ಅಧ್ಯಾಪಕರ ಕೋಣೆಯಲ್ಲಿಯೂ ಇದ್ದಾರೆ. ಮೀಟರಿನ ಮೂಲದಲ್ಲೇ ಕೈಯಾಡಿಸಿದ್ದರೆ ಇನ್ನೂರೂ ಒಂದೇ, ಇನ್ನೂರ ಹತ್ತೂ ಒಂದೇ.

ಇದಕ್ಕೆ ಮದ್ದು ಹಳೆಯದೇ: ಮುದ್ರೆ ಬಿದ್ದ ಪಾತ್ರೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯುಳ್ಳ 5 ಲೀಟರಿನ ಅಳತೆ ಬಂಕಿನಲ್ಲಿ ಇರಲೇಬೇಕು. ಗಿರಾಕಿ ಕೇಳಿದರೆ ಅದಕ್ಕೆ ಹಾಕಿ ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರಿನಷ್ಟು ಹೆಚ್ಚುಕಡಿಮೆಗೆ ಮಾತ್ರ ಅವಕಾಶ. ಮೊನ್ನೆ ಒಂದು ಬಂಕಿನಲ್ಲಿ ನಾನು ಕೇಳಿದೆ. ಹುಡುಗ ಮೂಲೆಯಿಂದ ಪಾತ್ರೆ ತಂದು, ಬಟ್ಟೆಯಿಂದ ಧೂಳು ಒರೆಸಿ, ಹಾಕಿ ತೋರಿಸಿದ. ಪೆಟ್ರೋಲು ಗೆರೆಗೆ ಸರಿಯಾಗಿ ನಿಂತಿತು. ಸಾಲಿನಲ್ಲಿದ್ದ ನಾಲ್ಕೈದು ಜನ ಗಾಡಿ ಬಿಟ್ಟು ಬಂದು ಬಗ್ಗಿ ನೋಡಿದರು. “ಹೀಗೆ ಕೇಳಬಹುದೇನಮ್ಮಾ?” ಎಂದರು ಒಬ್ಬ ಹಿರಿಯರು. “ಕೇಳಬಹುದು ಯಜಮಾನ್ರೆ, ಕೇಳಬೇಕು” ಎಂದೆ.